ಮಸಿ ಹತ್ತದ ಹೆಬ್ಬೆಟ್ಟು

ನಾನು ಮುಂಬಯಿಯ ಪರೇಲಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಹೆಂಗಸರ ಮೂಳೆ ವಾರ್ಡಿನ ಸಿಸ್ಟರ್ ಆಗಿದ್ದೆ. ಎಪ್ಪತ್ತರ ದಶಕದ ಮೊದಲ ವರ್ಷಗಳು. ಸುತ್ತಲಿನ ಮಿಲ್ಲುಗಳು ಇನ್ನೂ ಓಡುತ್ತಿದ್ದವು; ಪಾಳಿ ಬದಲಾಗುವ ಹೊತ್ತಿಗೆ ಭೋಂಗಾ, ಅಂದರೆ ಮಿಲ್ಲಿನ ಸೈರನ್, ಕೂಗಿದರೆ ವಾರ್ಡಿನ ಕಿಟಕಿಯ ಗಾಜುಗಳು ಸಣ್ಣಗೆ ನಡುಗುತ್ತಿದ್ದವು. ಆ ವರ್ಷ ಮೇಟ್ರನ್ ನನ್ನನ್ನು ಕರೆದು, ಹೊಸದಾಗಿ ಪಾಸಾಗಿ ಬಂದ ನರ್ಸ್ ಹುಡುಗಿಯರಿಗೆ ವೃತ್ತಿಯ ನಿಯಮಗಳನ್ನು ವಾರ್ಡಿನಲ್ಲೇ ಕಲಿಸಬೇಕು ಎಂದರು. ಪರೀಕ್ಷೆಯಲ್ಲಿ ಎಲ್ಲವನ್ನೂ ಬರೆದು ಪಾಸಾಗುತ್ತಾರೆ, ರೋಗಿಯ ಹಾಸಿಗೆಯ ಪಕ್ಕಕ್ಕೆ ಬಂದರೆ ಯಾರು ಜೋರಾಗಿ ಮಾತಾಡುತ್ತಾರೋ ಅವರು ಹೇಳಿದ್ದನ್ನು ಮಾಡುತ್ತಾರೆ ಎಂಬುದು ಅವರ ದೂರು.

ಮಧ್ಯಾಹ್ನದ ಊಟದ ತಟ್ಟೆಗಳನ್ನು ತೆಗೆದ ಮೇಲೆ ವಾರ್ಡು ತೂಕಡಿಸುವ ಹೊತ್ತಿನಲ್ಲಿ, ಚಾದರಗಳ ಕಪಾಟಿನ ಬಳಿ ನಮ್ಮ ಪಾಠ. ನಾನು ಪುಸ್ತಕ ಓದುತ್ತಿರಲಿಲ್ಲ. ಒಂದು ಹಾಸಿಗೆ ತೋರಿಸಿ, "ಆ ಅಜ್ಜಿಯ ಚಾದರ ಬದಲಿಸಬೇಕು. ಮೊದಲು ಎಂತ ಮಾಡ್ತೀರಿ?" ಎಂದು ಕೇಳುತ್ತಿದ್ದೆ.

"ಪರದೆ ಎಳೀತೀವಿ, ಸಿಸ್ಟರ್."

"ಪರದೆಗಿಂತ ಮೊದಲು?"

ಯಾರೂ ಹೇಳುತ್ತಿರಲಿಲ್ಲ. "ಅವಳನ್ನು ಕೇಳಬೇಕು. ಚಾದರ ನಮ್ಮದು, ಮೈ ಅವಳದು," ಎನ್ನುತ್ತಿದ್ದೆ. ಹಾಗೇ ಒಂದೊಂದಾಗಿ ಹೇಳಿಕೊಟ್ಟೆ. ಚುಚ್ಚುವ ಮುಂಚೆ ಯಾವ ಮದ್ದು, ಏಕೆ ಎಂದು ತಿಳಿಸಬೇಕು. ರೋಗಿ ಹೇಳಿದ ಮಾತು ಕ್ಯಾಂಟೀನಿಗೆ ಹೋಗಬಾರದು. ರೋಗಿ ಪೂರ್ತಿ ಎಚ್ಚರದಲ್ಲಿ ಇಲ್ಲದಾಗ ಅವಳಿಂದ ಯಾರೂ 'ಹೂಂ' ಅನ್ನಿಸಿಕೊಳ್ಳಬಾರದು. ಡಾಕ್ಟರಾಗಲಿ, ಗಂಡನಾಗಲಿ, ಪೊಲೀಸನಾಗಲಿ. ಹುಡುಗಿಯರು ತಲೆಯಾಡಿಸುತ್ತಿದ್ದರು. ಫ್ಯಾನಿನ ಕೆಳಗೆ ನಿಂತು ಹೇಳುವುದಕ್ಕೆ ಇದೆಲ್ಲ ಬಹಳ ಸುಲಭವಾಗಿತ್ತು.

ಅವರಲ್ಲಿ ಒಬ್ಬಳ ಬಗ್ಗೆ ನನಗೆ ಚಿಂತೆ. ನಮ್ಮ ಉಡುಪಿ ಕಡೆಯ ಕುಟುಂಬದವಳು, ತಂದೆಗೆ ಮಾಟುಂಗಾದಲ್ಲಿ ಸಣ್ಣ ಹೋಟೆಲು. ಹುಟ್ಟಿದ್ದು ಬೆಳೆದದ್ದು ಮುಂಬಯಿಯಲ್ಲೇ. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷು, ರಸ್ತೆಯಲ್ಲಿ ಹಿಂದಿ. ಕನ್ನಡ ತಿಳಿಯುತ್ತಿತ್ತು, ಆದರೆ ಮಾತಾಡುವಾಗ ಹೊಳೆಯ ಕಲ್ಲಿನಿಂದ ಕಲ್ಲಿಗೆ ಕಾಲಿಡುವವರ ಹಾಗೆ ತಡೆದು ತಡೆದು ಆಡುತ್ತಿದ್ದಳು. ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದರೆ ಅವಳ ಕೈಯ ಟ್ರೇ ಕಟಕಟ ಎನ್ನುತ್ತಿತ್ತು. ಇಷ್ಟು ಪುಕ್ಕಲು ಹುಡುಗಿ ಈ ಕೆಲಸದಲ್ಲಿ ಉಳಿಯುತ್ತಾಳೋ ಇಲ್ಲವೋ ಎಂದುಕೊಂಡಿದ್ದೆ.

ದಸರೆ ಕಳೆದ ಮೇಲಿನ ಉರಿಬಿಸಿಲಿನಲ್ಲಿ ಪವಾಯಿಯಿಂದ ಒಬ್ಬ ಕೂಲಿ ಹೆಂಗಸನ್ನು ತಂದರು. ಕೆರೆಯ ಹತ್ತಿರ ಕಟ್ಟುತ್ತಿದ್ದ ಬಿಲ್ಡಿಂಗಿನ ಗೋಡೆ ಕೆಲಸ ಮಾಡುತ್ತಿದ್ದವರ ಮೇಲೆಯೇ ಬಿದ್ದಿತ್ತು. ಅವಳ ತೊಡೆಯ ಮೂಳೆ ಮುರಿದಿತ್ತು. ಪಕ್ಕದಲ್ಲೇ ಕಲ್ಲು ಹೊರುತ್ತಿದ್ದ ಗಂಡ ಅಲ್ಲೇ ಹೋಗಿಬಿಟ್ಟಿದ್ದ. ಇದು ನಮಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಬಹಳ ರಕ್ತ ಹೋಗಿದ್ದರಿಂದ ವಾರ್ಡಿನ ಡಾಕ್ಟರು, "ಇನ್ನೂ ಸುಧಾರಿಸಲಿ, ಈಗ ಯಾರೂ ಹೇಳಬೇಡಿ" ಎಂದು ಅಪ್ಪಣೆ ಮಾಡಿದರು. ಕಾಲಿಗೆ ತೂಕ ಕಟ್ಟಿ ಮಂಚದ ತುದಿಗೆ ಇಳಿಬಿಟ್ಟು ಮಲಗಿಸಿದೆವು.

ಬಿಜಾಪುರದ ಕಡೆಯವಳು, ಬೇರೆ ಭಾಷೆ ಬಾರದು. ವಾರ್ಡಿನಲ್ಲಿ ಅವಳ ಮಾತು ತಿಳಿಯುತ್ತಿದ್ದದ್ದು ನನಗೆ ಮತ್ತು ಆ ಹುಡುಗಿಗೆ ಮಾತ್ರ.

"ಅಕ್ಕಾರ, ನಮ್ಮವರು ಗಂಡಸರ ವಾರ್ಡಿನ್ಯಾಗ ಅದಾರೇನ್ರಿ? ಒಮ್ಮೆ ನೋಡಿ ಬರ್ರಿ. ನೀರು ಕುಡದಾರೋ ಇಲ್ಲೋ."

"ಡಾಕ್ಟರನ್ನು ಕೇಳಿ ಹೇಳ್ತೇನೆ," ಎಂದು ಮುಖ ತಿರುಗಿಸುತ್ತಿದ್ದೆ. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಹುಡುಗಿ ಕಪಾಟಿನ ಮರೆಗೆ ಬಂದು, "ಸಿಸ್ಟರ್, ಅವಳು ನನ್ನ ಕಣ್ಣು ನೋಡಿ ಪೂಛ್ತಾಳೆ. ನಾನು ಏನು ಹೇಳಬೇಕು?" ಎಂದು ಕೇಳಿದಳು. ಸುಳ್ಳು ಮಾತ್ರ ಹೇಳಬೇಡ, ಸಿಸ್ಟರನ್ನು ಕೇಳು ಅಂತ ಹೇಳು ಎಂದೆ.

ಮುಕಾದಮ ಬಂದದ್ದು ಸಂಜೆಯ ಭೇಟಿಯ ಹೊತ್ತಿನಲ್ಲಿ. ಊರಿನಿಂದ ಕೂಲಿಯವರನ್ನು ಕರೆತಂದು ಕಂಟ್ರಾಕ್ಟರನಿಗೆ ಒದಗಿಸುವ ಮೇಸ್ತ್ರಿ ಅವನು. ಬಿಳಿ ಧೋತರ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಮೋಸಂಬಿಯ ಚೀಲ. ನನಗೆ ಕೈಮುಗಿದು, "ನಮ್ಮ ಊರ ಹೆಣ್ಣಮಗಳ್ರಿ, ನನ್ನ ತಂಗಿ ಇದ್ದಾಂಗ" ಎಂದ. ಮುಂಬಯಿಯಲ್ಲಿ ನಮ್ಮ ಭಾಷೆ ಕೇಳಿದರೆ ಯಾರಿಗೆ ಸಂತೋಷವಾಗುವುದಿಲ್ಲ? ಕುಳಿತುಕೊಳ್ಳಿ ಎಂದು ಸ್ಟೂಲು ತೋರಿಸಿ, ನಾನು ವಾರ್ಡಿನ ಇನ್ನೊಂದು ತುದಿಗೆ ಹೋದೆ.

ಸ್ವಲ್ಪ ಹೊತ್ತಿಗೆ ಸ್ಟೂಲು ಉರುಳಿದ ಸದ್ದು. ತಿರುಗಿ ನೋಡಿದರೆ ಆ ಹುಡುಗಿ ಮಂಚದ ಪಕ್ಕದಲ್ಲಿ ಬಗ್ಗಿ ನಿಂತಿದ್ದಳು. ರೋಗಿಗೆ ಆಗಷ್ಟೇ ನೋವಿನ ಇಂಜೆಕ್ಷನ್ ಕೊಟ್ಟಿದ್ದೆವು. ಅವಳ ಕಣ್ಣು ಅರ್ಧ ಮುಚ್ಚಿತ್ತು, ಬಾಯಿಯಲ್ಲಿ ಏನೋ ತೊದಲು. ಮುಕಾದಮ ಅವಳ ಬಲಗೈ ಹಿಡಿದಿದ್ದ. ಹೊದಿಕೆಯ ಮೇಲೆ ಮಡಚಿದ ಒಂದು ಕಾಗದ, ತೆರೆದ ಮಸಿಯ ಡಬ್ಬಿ. ಹುಡುಗಿ ರೋಗಿಯ ಹೆಬ್ಬೆರಳನ್ನು ತನ್ನ ಮುಷ್ಟಿಯೊಳಗೆ ಮುಚ್ಚಿಟ್ಟುಕೊಂಡಿದ್ದಳು. ಅವನು ಎಳೆಯುತ್ತಿದ್ದ, ಇವಳು ಬಿಡುತ್ತಿರಲಿಲ್ಲ. ಮಸಿಯೆಲ್ಲ ಇವಳ ಬೆರಳುಗಳಿಗೆ ಮೆತ್ತಿತ್ತು.

"ಆಗೋದಿಲ್ಲ," ಎನ್ನುತ್ತಿದ್ದಳು. ದನಿ ಅಳುವಿನ ಹಾಗಿತ್ತು. "ಇಂಜೆಕ್ಷನ್ ಆಗಿದೆ. ಅವಳು ಹೋಶ್‌ನಲ್ಲಿ ಇಲ್ಲ. ಈಗ ಸಹಿ-ವಹಿ ಕುಛ್ ನಹೀಂ."

ನಾನು ಓಡಿ ಬಂದೆ. ಮುಕಾದಮ ಕೈ ಬಿಟ್ಟು ನಕ್ಕ. "ಪಗಾರದ ಕಾಗದರಿ ಅಕ್ಕಾರ. ಒಂದು ಹೆಬ್ಬೆಟ್ಟು ಅಷ್ಟ. ಈ ಕೂಸು ಯಾಕೋ ಅಂಜೇತಿ."

"ಎಚ್ಚರ ಇದ್ದಾಗ ಬನ್ನಿ. ಏನು ಬರೆದಿದೆ ಎಂದು ಅವಳಿಗೆ ತಿಳಿಯಬೇಕು," ಎಂದೆ.

ಅವನು ಕಾಗದ ಮಡಚಿ ಜೇಬಿಗಿಟ್ಟ. ಹೊರಡುವಾಗ ಹುಡುಗಿಯ ಕಡೆ ತಿರುಗಿ, ಬಹಳ ಮೆಲ್ಲಗೆ, ಪ್ರೀತಿಯಿಂದಲೇ ಎಂಬಂತೆ ಕೇಳಿದ: "ನಿಮ್ಮ ಅಪ್ಪಾರ ಹೋಟೆಲ್ ಮಾಟುಂಗಾದಾಗ ಅಲ್ಲೇನವ್ವ? ಮಾರ್ಕೆಟ್ಟಿನ ಮಗ್ಗಲಕ?"

ಅವನಿಗೆ ಅದು ಹೇಗೆ ತಿಳಿಯಿತೋ ನಮಗೆ ಗೊತ್ತಾಗಲಿಲ್ಲ. ಅವನು ಹೋದ ಮೇಲೆ ಹುಡುಗಿ ಸಿಂಕಿನ ಮುಂದೆ ನಿಂತು ಕೈ ಉಜ್ಜುತ್ತಲೇ ಇದ್ದಳು. ನಾನು ರೋಗಿಯ ಹೆಬ್ಬೆರಳು ನೋಡಿದೆ. ಒಂದು ಚುಕ್ಕೆ ಮಸಿಯೂ ಹತ್ತಿರಲಿಲ್ಲ. ಆದರೆ ಇದು ಇಲ್ಲಿಗೆ ಮುಗಿಯುವುದಿಲ್ಲ ಎನ್ನಿಸಿತು.

ಮುಗಿಯಲಿಲ್ಲ. ಮರುದಿನ ಆಸ್ಪತ್ರೆಯ ಗೇಟಿನ ಎದುರು ಪಾನ್ ಅಂಗಡಿಯ ಬಳಿ ಚೌಕಳಿ ಅಂಗಿಯ ಒಬ್ಬ ನಿಂತಿದ್ದ. ನಾನು ಹೊರಬಂದಾಗ ಬೀಡಿ ಎಸೆದು ಹಿಂದೆ ಬಂದ. ಬಸ್ಸು ಹತ್ತಿದರೆ ಅವನೂ ಹತ್ತಿದ. ನನ್ನ ಮನೆಯಿರುವ ವಡಾಲದಲ್ಲಿ ಇಳಿದು ತಿರುಗಿ ನೋಡಿದರೆ, ಅವನೂ ಇಳಿದು ಎಲ್ಲಿಗೂ ಹೋಗದೆ ಸುಮ್ಮನೆ ನಿಂತಿದ್ದ. ಏನೂ ಮಾತಾಡಲಿಲ್ಲ. ಬೈದಿದ್ದರೆ ನಾನೂ ಏನಾದರೂ ಕೂಗುತ್ತಿದ್ದೆ. ಸುಮ್ಮನೆ ನಿಂತವನಿಗೆ ಏನೆನ್ನುವುದು? ಅನಂತರದ ಒಂದು ಸಂಜೆ ಪಕ್ಕದ ಖೋಲಿಯ ಮರಾಠಿ ಹೆಂಗಸು, "ಯಾರೋ ಬಂದು ನೀವು ಎಷ್ಟು ಹೊತ್ತಿಗೆ ಡ್ಯೂಟಿಗೆ ಹೊರಡ್ತೀರಿ ಅಂತ ಕೇಳಿದರು. ನಿಮ್ಮ ಊರಿನವರಾ?" ಎಂದಳು. ಆ ದಿನದಿಂದ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿಯೇ ಅನ್ನಕ್ಕಿಡುತ್ತಿದ್ದೆ. ಹಾಲಿನವನು ಬಡಿದರೂ ಯಾರು ಎಂದು ಕೇಳಿಯೇ ತೆಗೆಯುತ್ತಿದ್ದೆ.

ನನ್ನ ಗಂಡ ಬಂದರಿನ ಆಫೀಸಿನಲ್ಲಿ ಗುಮಾಸ್ತ, ಸೌಮ್ಯ ಸ್ವಭಾವದ ಮನುಷ್ಯ. ಅವರೂ ಹೆದರಿದರು. "ನಿನಗೆ ಎಂತಕ್ಕೆ ಬೇಕಿತ್ತು ಈ ಉಸಾಬರಿ? ಅವಳ ಹೆಬ್ಬೆಟ್ಟು, ಅವರ ಕಾಗದ. ನೀನು ಮದ್ದು ಕೊಡು, ಪಟ್ಟಿ ಕಟ್ಟು, ಮನೆಗೆ ಬಾ."

"ಮದ್ದು ಕೊಟ್ಟದ್ದು ನಾವೇ ಅಲ್ವಾ? ನಾವು ಕೊಟ್ಟ ಮದ್ದಿನಿಂದ ಅವಳಿಗೆ ಎಚ್ಚರ ತಪ್ಪಿತ್ತು. ಆ ಹೊತ್ತಲ್ಲಿ ಅವಳ ಕೈ ಕಾಯುವುದೂ ನಮ್ಮ ಕೆಲಸವೇ."

ಮರುದಿನದಿಂದ ಅವರು ನನ್ನನ್ನು ಬಸ್ಸಿಗೆ ಬಿಟ್ಟೇ ತಾವು ಡ್ಯೂಟಿಗೆ ಹೋಗುತ್ತಿದ್ದರು.

ಮೇಟ್ರನ್ ಎಲ್ಲವನ್ನೂ ಕೇಳಿ ಪೆನ್ನು ಕೆಳಗಿಟ್ಟರು. ನೀವು ಮಾಡಿದ್ದು ಸರಿ, ಆದರೆ ವಾರ್ಡಿನಲ್ಲಿ ಗಲಾಟೆಯಾದರೆ ಆಸ್ಪತ್ರೆ ನಿಮ್ಮ ಹಿಂದೆ ನಿಲ್ಲುತ್ತದೆ ಎಂದು ನಾನು ಮಾತು ಕೊಡಲಾರೆ ಎಂದರು. ಅವರ ಮುಖದಲ್ಲೂ ನನ್ನದೇ ಭಯ ಕಂಡಿತು.

ಅದೇ ವಾರ ಹುಡುಗಿಯ ತಂದೆ ಬಂದರು. ಇಬ್ಬರು ಗಂಡಸರು ಬೆಳಗಿನಿಂದ ಸಂಜೆಯ ತನಕ ಅವರ ಹೋಟೆಲಿನ ಒಂದೇ ಮೇಜಿನಲ್ಲಿ ಕುಳಿತು, ಚಹಾದ ಮೇಲೆ ಚಹಾ ಕುಡಿದು, ಏಳುವಾಗ "ಮಗಳು ಚೆನ್ನಾಗಿದ್ದಾಳಲ್ಲ?" ಎಂದು ಕೇಳಿ ಹೋದರಂತೆ. ಅದನ್ನು ಹೇಳುವಾಗ ಅವರು ಹೆಗಲ ಮೇಲಿನ ಟವೆಲನ್ನು ಹಿಂಡುತ್ತಿದ್ದರು.

"ಅಮ್ಮಾ, ಇವಳನ್ನು ಬೇರೆ ವಾರ್ಡಿಗೆ ಹಾಕಿ. ಇಲ್ಲದಿದ್ದರೆ ಕೆಲಸವೇ ಬೇಡ, ಮನೆಯಲ್ಲಿರಲಿ."

ಬದಲಿಸುತ್ತೇನೆ ಎಂದು ನಾನು ಒಪ್ಪಿಕೊಂಡೆ. ಆಗ ಹಿಂದೆ ನಿಂತಿದ್ದ ಹುಡುಗಿ, "ಬೇಡ" ಎಂದಳು. ಇಬ್ಬರೂ ತಿರುಗಿ ನೋಡಿದೆವು. "ಪಪ್ಪಾ, ನನಗೆ ಡರ್ ಆಗ್ತದೆ. ಬಹುತ್ ಆಗ್ತದೆ. ಆದ್ರೆ ನಾನು ಹೋದ್ರೆ ಆ ಪೇಶಂಟ್ ಹತ್ತಿರ ಸಿಸ್ಟರ್ ಇಲ್ಲದಾಗ ಅವಳ ಭಾಷೆಯವರು ಯಾರೂ ಇರೋದಿಲ್ಲ. ಅದು ನೆನಸಿದ್ರೆ ಇನ್ನೂ ಜಾಸ್ತಿ ಡರ್ ಆಗ್ತದೆ."

ತಂದೆ ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟರು. ಮರುದಿನದಿಂದ ಹೋಟೆಲಿನ ಅಡುಗೆಯವನೊಬ್ಬ ಡ್ಯೂಟಿ ಮುಗಿಯುವ ಹೊತ್ತಿಗೆ ಗೇಟಿನಲ್ಲಿ ಅವಳಿಗಾಗಿ ಕಾಯತೊಡಗಿದ.

ನನಗೆ ಒಂದು ವಿಷಯ ಸ್ಪಷ್ಟವಾಗುತ್ತಾ ಬಂತು. ಮುಕಾದಮ ಮತ್ತೆ ಬರುತ್ತಾನೆ. ಈ ಸಲ ಅವಳು ಎಚ್ಚರವಾಗಿರುವಾಗಲೇ ಬರುತ್ತಾನೆ. ಗಂಡ ಇದ್ದಾನೆ ಎಂದು ನಂಬಿಕೊಂಡಿರುವ ಹೆಂಗಸು, ಊರಿನವನೇ ಕೊಟ್ಟ ಕಾಗದಕ್ಕೆ ಹೆಬ್ಬೆಟ್ಟು ಒತ್ತದೆ ಇರುತ್ತಾಳೆಯೇ? ಅವಳಿಗೆ ನಿಜ ತಿಳಿಯಬೇಕು. ಆದರೆ ಡಾಕ್ಟರ ಅಪ್ಪಣೆ ಮೀರಿ ಹೇಳುವುದು ನನ್ನ ಹಕ್ಕಲ್ಲ. ಅದನ್ನೂ ನಾನೇ ಹುಡುಗಿಯರಿಗೆ ಕಲಿಸಿದ್ದೆ: ಅಪ್ಪಣೆ ತಪ್ಪೆನ್ನಿಸಿದರೆ ಕದ್ದು ಮುರಿಯಬೇಡಿ, ಕೊಟ್ಟವರ ಎದುರು ನಿಂತು ಕೇಳಿ. ಈಗ ನಾನೇ ಎದುರು ನಿಲ್ಲಬೇಕಾಯಿತು. ಡಾಕ್ಟರ ಕೋಣೆಯ ಬಾಗಿಲು ತಟ್ಟಿ ಒಳಗೆ ಹೋಗಿ ಮುಕಾದಮನ ಕಾಗದದ ವಿಷಯ ಹೇಳಿದೆ.

ಅವರು ಕೆಟ್ಟವರೇನಲ್ಲ, ಸಿಡುಕಿನವರು. "ಅವರವರ ಜಗಳ. ನಮಗೇನು, ಸಿಸ್ಟರ್?" ಎಂದು ಹಿಂದಿಯಲ್ಲಿ ಗದರಿದರು.

"ಅವಳ ರಕ್ತ ಸುಧಾರಿಸಿದೆ ಎಂದು ನೀವೇ ನಿನ್ನೆ ಹೇಳಿದಿರಿ, ಸಾಹೇಬರೇ. ದಿನವೂ ನಮ್ಮನ್ನು ಕೇಳುತ್ತಾಳೆ. ಹೊರಗಿನವರು ಹೇಳುವ ಮೊದಲು ನಾವು ಹೇಳಬೇಕು. ನೀವು ಬನ್ನಿ, ನಾನು ಕನ್ನಡದಲ್ಲಿ ಹೇಳುತ್ತೇನೆ."

ಅವರು ಎದ್ದು ಕೋಟು ಹಾಕಿಕೊಂಡರು.

ಪರದೆ ಎಳೆದೆವು. ಹುಡುಗಿ ತಲೆಯ ಬಳಿ ನಿಂತಳು. ಡಾಕ್ಟರು ಹೇಳಿದ್ದನ್ನು ನಾನು ಹೇಳಬೇಕಿತ್ತು. ಎಷ್ಟೋ ಸಾವುಗಳನ್ನು ನೋಡಿದ್ದೆ. ಸುದ್ದಿಯನ್ನು ನನ್ನ ಬಾಯಿಂದಲೇ ಕೊಡುವುದು ಅದೇ ಮೊದಲು. ಅವಳ ಕೈ ಹಿಡಿದು, "ತಂಗೀ, ಗೋಡೆ ಬಿದ್ದ ದಿನವೇ ನಿನ್ನ ಗಂಡ ತೀರಿಹೋದರು. ಅವರನ್ನು ಆಸ್ಪತ್ರೆಗೆ ತರುವುದಕ್ಕೂ ಆಗಲಿಲ್ಲ," ಎಂದೆ.

ಅವಳು ಕೂಗಬಹುದು, ತೂಕ ಕಟ್ಟಿದ ಕಾಲನ್ನು ಎಳೆದುಕೊಳ್ಳಬಹುದು ಎಂದು ನಾವು ಸಿದ್ಧವಾಗಿದ್ದೆವು. ಅವಳು ಮೇಲಿನ ಫ್ಯಾನನ್ನೇ ನೋಡುತ್ತಾ ಕೇಳಿದಳು: "ಮಣ್ಣು ಯಾರು ಮಾಡಿದ್ರರಿ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ. ಆಗ ಅವಳಿಗೆ ಅಳು ಬಂತು. ಡಾಕ್ಟರು ಹೋಗದೆ ಮಂಚದ ತುದಿಯಲ್ಲಿ, ತೂಕದ ಹಗ್ಗ ಅಲುಗದಂತೆ ಹಿಡಿದು ನಿಂತಿದ್ದರು.

ಅಳು ನಿಂತ ಮೇಲೆ, ಮುಕಾದಮ ಒಂದು ಕಾಗದ ತಂದಿದ್ದ, ಅದರಲ್ಲಿ ಏನಿದೆಯೋ ನಮಗೆ ತಿಳಿಯದು ಎಂಬುದನ್ನೂ ಹೇಳಿದೆ. ಒತ್ತು ಎಂದೂ ಹೇಳಲಿಲ್ಲ, ಒತ್ತಬೇಡ ಎಂದೂ ಹೇಳಲಿಲ್ಲ. ಅದು ಅವಳ ತೀರ್ಮಾನ.

ಅವನು ಬಂದ. ಭೇಟಿಯ ಹೊತ್ತಿನಲ್ಲೇ, ಸುತ್ತ ಜನ, ಬಟ್ಟಲಲ್ಲಿ ಸಾರು, ಮಂಚಗಳ ಮೇಲೆ ಮಕ್ಕಳು. ಜೊತೆಗೆ ಇಬ್ಬರು, ಅವರಲ್ಲೊಬ್ಬ ಅದೇ ಚೌಕಳಿ ಅಂಗಿಯವನು. ನಾನು ಮಂಚಕ್ಕೆ ಒರಗಿ ನಿಂತೆ. ಹುಡುಗಿ ಇನ್ನೊಂದು ಬದಿಗೆ ಬಂದು ನಿಂತಳು.

ಮುಕಾದಮ ಮೋಸಂಬಿ ಕೆಳಗಿಡುವ ಮೊದಲೇ ರೋಗಿ ಕೇಳಿದಳು, "ಅಣ್ಣಾ, ನಮ್ಮವರ ಮಣ್ಣು ಯಾರು ಮಾಡಿದ್ರು?"

ಮುಕಾದಮ ನನ್ನನ್ನು ನೋಡಿದ. ಅನಂತರ ಅವಳನ್ನು. ಅವನ ಮುಖದ ನಗೆ ಎಲ್ಲಿ ಹೋಯಿತೋ. "ನಾನ ಮಾಡಿದೆ, ತಂಗಿ," ಎಂದ. "ತಲೀಗೆ ಹೊಸ ರುಮಾಲು ಸುತ್ತಿ ಕಳಿಸೀನಿ."

ಚೌಕಳಿ ಅಂಗಿಯವನು ಅವನ ಬೆನ್ನಿಗೆ ತಿವಿದ. ಮುಕಾದಮ ಕಾಗದ ತೆಗೆದ. ನಾನು ಕೈ ಚಾಚಿ, "ಓದಿ ಹೇಳುತ್ತೇವೆ. ಆಮೇಲೆ ಅವಳ ಇಷ್ಟ," ಎಂದೆ.

"ಓದೋದೇನೂ ಬೇಡ," ಎಂದ ಚೌಕಳಿ ಅಂಗಿಯವನು, ಹಿಂದಿಯಲ್ಲಿ.

"ಓದದೆ ಈ ವಾರ್ಡಿನಲ್ಲಿ ಯಾರ ಬೆರಳೂ ಕಾಗದಕ್ಕೆ ತಾಗುವುದಿಲ್ಲ." ಈ ಮಾತು ನನ್ನ ಬಾಯಿಂದ ಬಂದದ್ದು ನನಗೇ ಕೇಳಿಸಿತು. ದನಿ ತೆಳ್ಳಗಿತ್ತು.

ಕಾಗದವನ್ನು ನನ್ನ ಕೈಗೆ ಕೊಟ್ಟವನು ಮುಕಾದಮನೇ. ಅದು ಇಂಗ್ಲಿಷಿನಲ್ಲಿತ್ತು. ಹುಡುಗಿ ಒಂದೊಂದು ಸಾಲು ಓದಿದಳು, ನಾನು ಕನ್ನಡ ಮಾಡಿದೆ. ಗೋಡೆಯ ಕೆಳಗೆ ಹೋಗಬಾರದು ಎಂದು ಹೇಳಿದ್ದರೂ ಗಂಡ-ಹೆಂಡತಿ ತಾವಾಗಿಯೇ ಹೋದರು. ಆದದ್ದಕ್ಕೆ ಕಂಟ್ರಾಕ್ಟರನ ಹೊಣೆ ಇಲ್ಲ. ಮುಂದೆ ಯಾವ ತಕರಾರೂ ಮಾಡುವುದಿಲ್ಲ. ಹುಡುಗಿ ಒಂದು ಪದವನ್ನೂ ಬಿಡಲಿಲ್ಲ. ಅಕ್ಕಪಕ್ಕದ ಮಂಚಗಳಲ್ಲಿ ಮಾತು ನಿಂತಿತ್ತು. ಕನ್ನಡ ಬಾರದವರಿಗೂ ಏನೋ ನಡೆಯುತ್ತಿದೆ ಎಂದು ತಿಳಿದಿತ್ತು.

"ಹೋಗಬ್ಯಾಡ ಅಂತ ಯಾರು ಹೇಳಿದ್ರು?" ಎಂದಳು ಅವಳು. "ಹೋಗ್ರಿ ಅಂತ ನೀವ ಕಳಿಸಿದ್ರಿ, ಅಣ್ಣಾ." ಮತ್ತೆ ತನ್ನ ಎರಡೂ ಕೈಗಳನ್ನು ಹೊದಿಕೆಯ ಒಳಗೆ ಎಳೆದುಕೊಂಡಳು. "ನಾ ಒತ್ತೂದಿಲ್ಲ."

ಚೌಕಳಿ ಅಂಗಿಯವನು ನನ್ನ ಹತ್ತಿರ ಬಂದು, ಬೇರೆ ಯಾರಿಗೂ ಕೇಳದಂತೆ, "ರಸ್ತೆಯಲ್ಲಿ ಓಡಾಡುವವರು ನೀವು, ಸಿಸ್ಟರ್," ಎಂದ. ಅಷ್ಟರಲ್ಲಿ ಪಕ್ಕದ ಮಂಚದ ರೋಗಿಯ ಗಂಡ, ಒಬ್ಬ ಮಿಲ್ ಕಾರ್ಮಿಕ, ಎದ್ದು ನಿಂತ. ಅವನ ಹಿಂದೆ ಇನ್ನೊಬ್ಬ. ಮುಕಾದಮ ಮತ್ತು ಅವನ ಜೊತೆಯ ಇಬ್ಬರೂ ಹೊರಟುಹೋದರು. ಅವರು ಮೆಟ್ಟಿಲಿಳಿಯುವ ಸದ್ದು ನಿಂತ ಮೇಲೆ ಹುಡುಗಿ ಬಾತ್‌ರೂಮಿಗೆ ಹೋಗಿ ವಾಂತಿ ಮಾಡಿದಳು. ನಾನು ಅವಳ ಬೆನ್ನು ಸವರುತ್ತಾ ನಿಂತೆ.

ಅವರು ನಮಗೆ ಏನೂ ಮಾಡಲಿಲ್ಲ. ಆದರೆ ಮಾಡುವುದಿಲ್ಲ ಎಂದು ನಮಗೆ ಆಗ ಗೊತ್ತಿರಲಿಲ್ಲವಲ್ಲ. ತಿಂಗಳುಗಟ್ಟಲೆ ನಾನು ಬಸ್ಸಿನಲ್ಲಿ ಬಾಗಿಲ ಬಳಿ ಕೂರಲಿಲ್ಲ. ಚೌಕಳಿ ಅಂಗಿ ಕಂಡರೆ ರಸ್ತೆ ದಾಟುತ್ತಿದ್ದೆ. ಕಪಾಟಿನ ಬಳಿಯ ಪಾಠವನ್ನು ಮತ್ತೆ ಶುರು ಮಾಡಿದಾಗ ಹುಡುಗಿಯರು ಮೊದಲಿನ ಹಾಗೆ ಸುಮ್ಮನೆ ತಲೆಯಾಡಿಸಲಿಲ್ಲ. "ಸಿಸ್ಟರ್, ಅವರು ಕೈಯೆತ್ತಿದರೆ?" "ಸಿಸ್ಟರ್, ಡಾಕ್ಟರೇ ಒತ್ತಿಸು ಅಂದರೆ?" ಎಂದು ಕೇಳತೊಡಗಿದರು. ಒಬ್ಬರೇ ನಿಲ್ಲಬೇಡಿ, ಗಟ್ಟಿಯಾಗಿ ಇನ್ನೊಬ್ಬರನ್ನು ಕರೆಯಿರಿ ಎಂದೆ.

ಊರಿನಿಂದ ಅವಳ ಒಡಹುಟ್ಟಿದವನು ಬಂದ. ಆಸ್ಪತ್ರೆಯ ಸಮಾಜಸೇವಕಿ ಅವರಿಗೆ ಒಬ್ಬ ವಕೀಲರನ್ನು ಗೊತ್ತುಮಾಡಿಕೊಟ್ಟಳು. ಆ ದಾವೆ ಕೊನೆಗೆ ಏನಾಯಿತೋ ನನಗೆ ತಿಳಿಯಲಿಲ್ಲ. ಅವಳು ಮಾತ್ರ ಊರುಗೋಲು ಹಿಡಿದು ವಾರ್ಡಿನ ಈ ತುದಿಯಿಂದ ಆ ತುದಿಗೆ ನಡೆಯುವಷ್ಟಾದಳು. ಜೊತೆಗೆ ಆ ಹುಡುಗಿ ಸೊಂಟಕ್ಕೆ ಕೈಕೊಟ್ಟು ನಡೆಯುತ್ತಾ ಅವಳಿಂದ ಬಿಜಾಪುರದ ಕನ್ನಡ ಕಲಿಯುತ್ತಿದ್ದಳು. "ಹೌದಲ್ರಿ" ಎಂದು ಹುಡುಗಿ ಎಳೆದರೆ ಇಬ್ಬರೂ ನಗುತ್ತಿದ್ದರು.

ಅವಳು ಬಿಡುಗಡೆಯಾಗುವ ಮುಂಚಿನ ಒಂದು ಸಂಜೆ ಮುಕಾದಮ ವಾರ್ಡಿನ ಬಾಗಿಲಲ್ಲಿ ಕಾಣಿಸಿಕೊಂಡ. ಒಬ್ಬನೇ ಇದ್ದ. ಅಂಗಿಗೆ ಇಸ್ತ್ರಿ ಇರಲಿಲ್ಲ. ಅವನು ಹೊಸ್ತಿಲು ದಾಟಲಿಲ್ಲ.

"ಒಳಗ ಬರೂದಿಲ್ರಿ ಅಕ್ಕಾರ. ನನ್ನ ಕೆಲಸ ತಗದಾರ, ಊರಿಗೆ ಹೊಂಟೀನಿ. ಆಕಿ ಹ್ಯಾಂಗ ಅದಾಳ, ಅಷ್ಟ ಹೇಳ್ರಿ."

ಬಾಯಿಗೆ ಬಂದ ಉತ್ತರವನ್ನು ನುಂಗಿಕೊಂಡೆ. "ರೋಗಿಯ ವಿಷಯ ಅವಳನ್ನು ಕೇಳದೆ ಹೇಳುವ ಹಾಗಿಲ್ಲ. ನಿಲ್ಲಿ," ಎಂದು ಒಳಗೆ ಹೋದೆ.

ಅವಳು ಮಂಚದ ಮೇಲೆ ಕುಳಿತು ತಲೆ ಬಾಚಿಕೊಳ್ಳುತ್ತಿದ್ದಳು. ಬಾಗಿಲಲ್ಲಿ ಯಾರಿದ್ದಾರೆ, ಏನು ಕೇಳುತ್ತಿದ್ದಾರೆ ಎಂದು ಹೇಳಿದೆ. ಅವಳು ಬಾಚಣಿಗೆಯ ಕೂದಲನ್ನು ಬಿಡಿಸಿ, ಸುತ್ತಿ, ದಿಂಬಿನ ಪಕ್ಕದಲ್ಲಿಟ್ಟಳು.

"ನಡೀತಾಳ ಅಂತ ಹೇಳ್ರಿ," ಎಂದಳು. "ಯಾವಾಗ ಹೋಗ್ತಾಳ, ಎಲ್ಲಿಗೆ ಹೋಗ್ತಾಳ ಅನ್ನೂದು ಹೇಳಬ್ಯಾಡ್ರಿ."

ಬಾಗಿಲಿಗೆ ಬಂದು ಅಷ್ಟೇ ಹೇಳಿದೆ. ಅವನು ಕೈಮುಗಿದು ಮೆಟ್ಟಿಲಿಳಿದು ಹೋದ. ಅವನು ನಿಜವಾಗಿಯೂ ಊರಿಗೆ ಹೊರಟಿದ್ದನೋ, ಅವಳು ಹೊರಡುವ ದಿನ ತಿಳಿಯಲು ಯಾರಾದರೂ ಕಳಿಸಿದ್ದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅವಳನ್ನು ಕಳಿಸಿದ ದಿನ ನಾವು ಮುಂದಿನ ಗೇಟಿನಿಂದ ಕಳಿಸಲಿಲ್ಲ. ಒಗೆಯುವ ಬಟ್ಟೆಗಳ ಗಾಡಿ ಬರುವ ಹಿಂದಿನ ಬಾಗಿಲಲ್ಲಿ ಟ್ಯಾಕ್ಸಿ ನಿಲ್ಲಿಸಿ, ಹುಡುಗಿ ಒಂದು ಕಡೆ, ನಾನು ಒಂದು ಕಡೆ ಹಿಡಿದು ಅವಳನ್ನು ಒಡಹುಟ್ಟಿದವನ ಪಕ್ಕದಲ್ಲಿ ಕೂರಿಸಿದೆವು. ಟ್ಯಾಕ್ಸಿ ತಿರುವಿನಲ್ಲಿ ಮರೆಯಾಗುವ ತನಕ ನಾವಿಬ್ಬರೂ ಅದನ್ನು ನೋಡಲಿಲ್ಲ. ಅದರ ಹಿಂದೆ ಯಾರಾದರೂ ಹೊರಟರೋ ಎಂದು ರಸ್ತೆಯ ಇನ್ನೊಂದು ಬದಿಯನ್ನೇ ನೋಡುತ್ತಾ ನಿಂತಿದ್ದೆವು.